ಐಸ್ ಹಾಕಿ ಜನರಲ್ ಮ್ಯಾನೇಜರ್‌ನ ತೀರ್ಮಾನಗಳನ್ನು ತೂಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಕಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ, ಕೊಡವ ಕುಟುಂಬಗಳ ಹಾಕಿ ಹಬ್ಬ. ಇಲ್ಲಿ ಹೇಳಹೊರಟಿರುವುದು ಆ ಹಾಕಿಯಲ್ಲ. ಕೆನಡಾ ಮತ್ತು ಅಮೆರಿಕದ 32 ತಂಡಗಳು ಮಂಜುಗಡ್ಡೆಯ ಮೇಲೆ ಆಡುವ ಎನ್‌ಎಚ್‌ಎಲ್ ಲೀಗಿನ ಹಾಕಿ. ಮೈಸೂರಿನಲ್ಲಿ ಕುಳಿತು ಬೆಳಗಿನ ಜಾವ ಈ ಪಂದ್ಯಗಳನ್ನು ನೋಡುವುದು ನನಗೆ ಹತ್ತು ವರ್ಷ ಮೀರಿದ ರೂಢಿ. ಕ್ಯಾಲ್ಗರಿ, ಎಡ್ಮಂಟನ್‌ಗಳಲ್ಲಿ ನೆಲೆಸಿರುವ ಗೆಳೆಯರು ನನ್ನನ್ನು ಕೇಳುವುದು ಗೋಲುಗಳ ಬಗ್ಗೆ ಕಡಿಮೆ, ಜನರಲ್ ಮ್ಯಾನೇಜರ್ ಮಾಡಿದ ಟ್ರೇಡ್ (ತಂಡಗಳ ನಡುವಿನ ಆಟಗಾರರ ವಿನಿಮಯ) ಮತ್ತು ಒಪ್ಪಂದಗಳ ಬಗ್ಗೆಯೇ ಹೆಚ್ಚು. ದೊಡ್ಡ ತೀರ್ಮಾನ ಹೊರಬಿದ್ದ ದಿನವೇ ನನ್ನ ಅಭಿಪ್ರಾಯವನ್ನು ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಉತ್ತರಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು.

ಜನರಲ್ ಮ್ಯಾನೇಜರ್ ಎಂದರೆ ಕೋಚ್ ಅಲ್ಲವೇ?

ಅಲ್ಲ. ಇರುವ ಆಟಗಾರರನ್ನು ಆಡಿಸುವವನು ಕೋಚ್. ಯಾರು ಇರಬೇಕು, ಎಷ್ಟು ಸಂಬಳಕ್ಕೆ, ಎಷ್ಟು ವರ್ಷ ಎಂದು ನಿರ್ಧರಿಸುವವನು ಜನರಲ್ ಮ್ಯಾನೇಜರ್, ಅಂದರೆ ಜಿಎಂ. ಕೋಚ್‌ನ ತಪ್ಪು ಆ ರಾತ್ರಿಗೆ ಮುಗಿಯಬಹುದು. ಜಿಎಂ ತಪ್ಪು ಎಂಟು ವರ್ಷ ಕಾಡಬಹುದು.

ವೇತನ ಮಿತಿಗೆ ಏಕೆ ಇಷ್ಟು ಮಹತ್ವ?

ಐಪಿಎಲ್ ಹರಾಜು ನೋಡಿದವರಿಗೆ ಇದು ಹೊಸದಲ್ಲ. 2025ರ ಆವೃತ್ತಿಗೆ ಪ್ರತಿ ತಂಡದ ಥೈಲಿಯಲ್ಲಿ ಇದ್ದದ್ದು 120 ಕೋಟಿ ರೂಪಾಯಿ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. ಎನ್‌ಎಚ್‌ಎಲ್‌ನಲ್ಲೂ ಲೆಕ್ಕ ಅದೇ. ಆದರೆ ಅಲ್ಲಿ ಒಪ್ಪಂದಗಳು ಬಹು ವರ್ಷಗಳವು, ಮೂರು ವರ್ಷಕ್ಕೊಮ್ಮೆ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡುವ ದೊಡ್ಡ ಹರಾಜು ಇಲ್ಲ. 2004-05ರ ಇಡೀ ಋತು ಸಂಬಳದ ಜಗಳದಲ್ಲಿ ರದ್ದಾದ ಮೇಲೆ ಈ ಮಿತಿ ಜಾರಿಗೆ ಬಂತು. ಮೊದಲ ವರ್ಷ 3.9 ಕೋಟಿ ಡಾಲರ್ ಇದ್ದದ್ದು 2025-26ರಲ್ಲಿ 9.55 ಕೋಟಿ ಡಾಲರ್ ಆಗಿದೆ. ಹಾಸಿಗೆ ಎಷ್ಟಿದೆಯೋ ಅಷ್ಟೇ ಕಾಲು ಚಾಚಬೇಕು, ಮತ್ತು ಎಲ್ಲ ತಂಡಗಳ ಹಾಸಿಗೆಯೂ ಒಂದೇ ಅಳತೆಯದು. ಹಾಗಾಗಿ 'ಈ ಆಟಗಾರ ಒಳ್ಳೆಯವನೇ?' ಎಂಬ ಪ್ರಶ್ನೆ ಜಿಎಂಗೆ ಅರ್ಧ ಪ್ರಶ್ನೆ ಮಾತ್ರ. ಆ ಹಣಕ್ಕೆ ಬೇರೆ ಏನು ಸಿಗುತ್ತಿತ್ತು ಎಂಬುದು ಉಳಿದ ಅರ್ಧ.

ಒಂದು ಟ್ರೇಡ್ ಸರಿಯೋ ತಪ್ಪೋ ಎಂದು ಯಾವಾಗ ಹೇಳಬಹುದು?

ಅದೇ ದಿನ ಹೇಳಬಹುದು, ಹೇಳಲೇಬೇಕು ಎನ್ನುವುದು ನನ್ನ ನಿಲುವು. ಐದು ವರ್ಷ ಕಾದು ನೋಡಿ ಎನ್ನುವವರು ವಿವೇಕಿಗಳಂತೆ ಕಾಣುತ್ತಾರೆ. ಆದರೆ ಆ ಐದು ವರ್ಷಗಳಲ್ಲಿ ಗಾಯ, ಕೋಚ್ ಬದಲಾವಣೆ, ಇತರ ಟ್ರೇಡ್‌ಗಳು ಎಲ್ಲ ಬೆರೆತು, ಮೂಲ ತೀರ್ಮಾನದ ಮುಖವೇ ಗುರುತು ಸಿಗದಂತಾಗುತ್ತದೆ.

2016ರ ಜೂನ್ 29ನ್ನು ನೋಡಿ. ಎಡ್ಮಂಟನ್ ಆಯಿಲರ್ಸ್‌ನ ಜಿಎಂ ಪೀಟರ್ ಚಿಯರೆಲ್ಲಿ ತಮ್ಮ ಮುಂಚೂಣಿ ಆಟಗಾರ ಟೇಲರ್ ಹಾಲ್‌ನನ್ನು ನ್ಯೂಜೆರ್ಸಿಗೆ ಕೊಟ್ಟು ಆಡಮ್ ಲಾರ್ಸನ್ ಎಂಬ ರಕ್ಷಣಾ ಆಟಗಾರನನ್ನು ತಂದರು. ಒಬ್ಬನಿಗೆ ಒಬ್ಬ, ಮೇಲೆ ಒಂದು ಡ್ರಾಫ್ಟ್ ಹಕ್ಕೂ (ಹೊಸ ಯುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಇಲ್ಲ. ಹಾಲ್‌ಗೆ ಆಗ 24 ವರ್ಷ. ವರ್ಷಕ್ಕೆ 60 ಲಕ್ಷ ಡಾಲರ್‌ನ ಒಪ್ಪಂದದಲ್ಲಿ ಇನ್ನೂ ನಾಲ್ಕು ಋತು ಬಾಕಿ ಇದ್ದವು. ನನ್ನ ನೋಟ್‌ಬುಕ್‌ನ ಆ ಪುಟದಲ್ಲಿ ಎರಡೇ ಸಾಲು ಇವೆ: 'ಬೇಕಾದ್ದನ್ನೇ ತಂದಿದ್ದಾರೆ. ತೆತ್ತ ಬೆಲೆ ಬಹಳ ಹೆಚ್ಚು.'

ಮುಂದಿನ ಋತುವಿನಲ್ಲಿ ಆಯಿಲರ್ಸ್ 103 ಪಾಯಿಂಟ್ ಗಳಿಸಿ, 2006ರ ನಂತರ ಮೊದಲ ಬಾರಿ ಪ್ಲೇಆಫ್ ತಲುಪಿದರು. ಚಿಯರೆಲ್ಲಿ ಗೆದ್ದರು ಎಂದು ಹಲವರು ತೀರ್ಪು ಕೊಟ್ಟರು. ಅದರ ಮುಂದಿನ ಋತುವಿನಲ್ಲಿ ತಂಡ 78 ಪಾಯಿಂಟ್‌ಗೆ ಕುಸಿಯಿತು. ಅತ್ತ ಹಾಲ್ 93 ಪಾಯಿಂಟ್ (ಆಟಗಾರನಿಗಾದರೆ ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿದ ಲೆಕ್ಕ) ಗಳಿಸಿ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದ. ತೀರ್ಪು ತಲೆಕೆಳಗಾಯಿತು. 2019ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿ ಹಾಲ್‌ನನ್ನೂ ಅರಿಜೋನಾಕ್ಕೆ ಸಾಗಹಾಕಿತು, ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಅವರಿಗೂ ಸಿಗಲಿಲ್ಲ. ಹಾಗಾದರೆ ಯಾವ ವರ್ಷದ ತೀರ್ಪನ್ನು ಹಿಡಿಯಬೇಕು? ಮೊದಲ ವರ್ಷದ ಏಳಿಗೆಗೆ ದೊಡ್ಡ ಕಾರಣ ಲಾರ್ಸನ್ ಅಲ್ಲ, 100 ಪಾಯಿಂಟ್ ಗಳಿಸಿದ ಕಾನರ್ ಮೆಕ್‌ಡೇವಿಡ್. ಲಾರ್ಸನ್ ಕೊನೆಯವರೆಗೂ ನಂಬಿಕಸ್ಥ ಆಟಗಾರನಾಗಿಯೇ ಇದ್ದ, ಅವನದೇನೂ ತಪ್ಪಿಲ್ಲ. ತಪ್ಪು ಇದ್ದದ್ದು ಬೆಲೆಯಲ್ಲಿ. ಅದು ಮೊದಲ ದಿನವೇ ಕಾಣುತ್ತಿತ್ತು.

ಕಪ್ ಗೆದ್ದರೆ ಸಾಕಲ್ಲವೇ? ಫಲಿತಾಂಶವೇ ಎಲ್ಲ ಹೇಳುವುದಿಲ್ಲವೇ?

ಫಲಿತಾಂಶ ಬಹಳ ಹೇಳುತ್ತದೆ, ಎಲ್ಲವನ್ನೂ ಹೇಳುವುದಿಲ್ಲ. ಫ್ಲೋರಿಡಾ ಪ್ಯಾಂಥರ್ಸ್ ಗೋಲ್‌ಕೀಪರ್ ಸರ್ಗೇ ಬೊಬ್ರೊವ್‌ಸ್ಕಿಯ ಕಥೆ ಇದಕ್ಕೆ ಸಾಕ್ಷಿ. 2019ರ ಜುಲೈನಲ್ಲಿ ಅಂದಿನ ಜಿಎಂ ಡೇಲ್ ಟ್ಯಾಲನ್ ಅವನಿಗೆ ಏಳು ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟರು. ಅವನಿಗೆ ಆಗ 30 ವರ್ಷ. ಮೊದಲ ಋತುವಿನಲ್ಲಿ ಬಂದ ನೂರು ಹೊಡೆತಗಳಲ್ಲಿ ತಡೆದದ್ದು 90 ಮಾತ್ರ. ಆ ಸಂಬಳಕ್ಕೆ ಅದು ಸಾಲದು. 2023ರ ಪ್ಲೇಆಫ್ ಶುರುವಾದಾಗ ಗೋಲಿನಲ್ಲಿ ನಿಂತಿದ್ದವನು ಅಲೆಕ್ಸ್ ಲಯನ್. ಬೊಬ್ರೊವ್‌ಸ್ಕಿ ಬೆಂಚಿನಲ್ಲಿ ಕುಳಿತಿದ್ದ. ಆಮೇಲೆ ಒಳಗೆ ಬಂದವನು ತಂಡವನ್ನು ಫೈನಲ್‌ಗೆ ಒಯ್ದ. 2024 ಮತ್ತು 2025ರಲ್ಲಿ ಎರಡು ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ.

ಹಾಗೆಂದು 2019ರ ಆ ಸಹಿ ಜಾಣತನದ್ದೇ? ನಾನು ಒಪ್ಪುವುದಿಲ್ಲ. ಮೂವತ್ತು ದಾಟುತ್ತಿರುವ ಗೋಲ್‌ಕೀಪರ್‌ಗೆ ಏಳು ವರ್ಷ, ಮಿತಿಯ ಶೇ 12ಕ್ಕೂ ಹೆಚ್ಚು ಹಣ. ಹತ್ತು ಜಿಎಂಗಳು ಹೀಗೆ ಮಾಡಿದರೆ ಬಹುಪಾಲು ಮಂದಿ ಪಶ್ಚಾತ್ತಾಪ ಪಡುತ್ತಾರೆ. ಬೊಬ್ರೊವ್‌ಸ್ಕಿಯ ಕೌಶಲಕ್ಕೆ, ಛಲಕ್ಕೆ ನಾನು ಕೈಮುಗಿಯುತ್ತೇನೆ. ಆ ಒಪ್ಪಂದಕ್ಕಲ್ಲ.

ಹಿಂದಿನವರ ಒಪ್ಪಂದದ ಪುಣ್ಯಪಾಪ ಹೊಸ ಜಿಎಂಗೆ ಸೇರುತ್ತದೆಯೇ?

ಸಹಿ ಹಾಕಿದ್ದು ಸೇರುವುದಿಲ್ಲ, ಅದನ್ನು ಇಟ್ಟುಕೊಂಡು ಏನು ಮಾಡಿದ ಎಂಬುದು ಸೇರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಫ್ಲೋರಿಡಾಕ್ಕೆ ಬಂದ ಬಿಲ್ ಜೀಟೊ ಮುಂದೆ ಆ ಭಾರದ ಒಪ್ಪಂದ ಹಾಸಿಕೊಂಡು ಬಿದ್ದಿತ್ತು. ಅವರು ಅದರ ಸುತ್ತ ಅಗ್ಗದ ಒಳ್ಳೆಯ ಆಟಗಾರರನ್ನು ಜೋಡಿಸುತ್ತಾ ಹೋದರು. ಕಾರ್ಟರ್ ವರ್ಹೇಗಿ ವರ್ಷಕ್ಕೆ ಕೇವಲ 10 ಲಕ್ಷ ಡಾಲರ್‌ಗೆ ಬಂದ. ಗುಸ್ತಾವ್ ಫೋರ್ಸ್‌ಲಿಂಗ್‌ನನ್ನು 2021ರ ಜನವರಿಯಲ್ಲಿ ಕ್ಯಾರೊಲಿನಾ ಕೈಬಿಟ್ಟಾಗ ವೇವರ್ ಪಟ್ಟಿಯಿಂದ ಪುಕ್ಕಟೆಯಾಗಿ ಎತ್ತಿಕೊಂಡರು. ಇಬ್ಬರೂ ಎರಡು ಕಪ್‌ಗಳ ಆಧಾರಸ್ತಂಭಗಳಾದರು. ಪತ್ರಿಕೆಗಳ ತಲೆಬರಹಕ್ಕೆ ಏರದ ಇಂಥ ಸಹಿಗಳಲ್ಲೇ ಜಿಎಂನ ನಿಜವಾದ ಕಣ್ಣು ಗೊತ್ತಾಗುವುದು ಎಂದು ನಾನು ಬಲವಾಗಿ ನಂಬುತ್ತೇನೆ.

ಟ್ರೇಡ್ ಸರಿಯಿದ್ದು, ಅದರ ಬೆನ್ನಿಗೇ ಬಂದ ಒಪ್ಪಂದ ತಪ್ಪಾಗಬಹುದೇ?

ಖಂಡಿತ. ಎರಡನ್ನೂ ಒಂದೇ ಗಂಟು ಕಟ್ಟಿ ತೂಗುವುದು ಎಲ್ಲರೂ ಮಾಡುವ ತಪ್ಪು. 2022ರ ಜುಲೈ 22ರಂದು ಕ್ಯಾಲ್ಗರಿ ಫ್ಲೇಮ್ಸ್ ತಮ್ಮ ಮ್ಯಾಥ್ಯೂ ಕಚಕ್‌ನನ್ನು ಫ್ಲೋರಿಡಾಕ್ಕೆ ಕೊಟ್ಟು, ಜೊನಾಥನ್ ಹ್ಯೂಬರ್ಡೋ, ಮೆಕೆಂಜಿ ವೀಗರ್, ಒಬ್ಬ ಯುವ ಆಟಗಾರ ಮತ್ತು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನು ಪಡೆಯಿತು. ದೀರ್ಘಾವಧಿಗೆ ಕ್ಯಾಲ್ಗರಿಯಲ್ಲಿ ಉಳಿಯುವುದಿಲ್ಲ ಎಂದು ಕಚಕ್ ಮೊದಲೇ ತಿಳಿಸಿದ್ದ. ಕೈಯಲ್ಲಿ ಎಲೆಯೇ ಇಲ್ಲದ ಆಟದಲ್ಲಿ ಜಿಎಂ ಬ್ರಾಡ್ ಟ್ರಿಲಿವಿಂಗ್ ಅಷ್ಟನ್ನು ಗಿಟ್ಟಿಸಿದ್ದು ಮೆಚ್ಚುವಂಥದ್ದೇ. ಹ್ಯೂಬರ್ಡೋ ಹಿಂದಿನ ಋತುವಿನಲ್ಲಿ 115 ಪಾಯಿಂಟ್ ಗಳಿಸಿದ್ದ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಹ್ಯೂಬರ್ಡೋ ಕ್ಯಾಲ್ಗರಿಗಾಗಿ ಒಂದು ಪಂದ್ಯವನ್ನೂ ಆಡುವ ಮೊದಲೇ, ಆಗಸ್ಟ್‌ನಲ್ಲಿ, ಎಂಟು ವರ್ಷಕ್ಕೆ 8.4 ಕೋಟಿ ಡಾಲರ್ ಒಪ್ಪಂದವಾಯಿತು. ಅವನಿಗೆ 29 ವರ್ಷ. ಹೊಸ ಒಪ್ಪಂದ ಶುರುವಾಗುವುದೇ 30ರಲ್ಲಿ. ಕ್ಯಾಲ್ಗರಿಯ ಮೊದಲ ಋತುವಿನಲ್ಲೇ ಅವನ ಗಳಿಕೆ 55 ಪಾಯಿಂಟ್‌ಗೆ ಇಳಿಯಿತು. ಹಳೆಯ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಇತ್ತು, ಆ ವರ್ಷ ನೋಡಿ ಮಾತಾಡಬಹುದಿತ್ತು. ಕಚಕ್ ಸೇರಿ ಊರಿನ ಇಬ್ಬರು ತಾರೆಗಳು ಒಂದೇ ಬೇಸಿಗೆಯಲ್ಲಿ ಕೈಬಿಟ್ಟು ಹೋದ ದಿಗಿಲಿನಲ್ಲಿ ಕಾಯುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಟ್ರೇಡ್ ಆದ ದಿನ ನಾನು 'ಫ್ಲೋರಿಡಾ ಹೆಚ್ಚು ಕೊಟ್ಟಿತು' ಎಂದು ಬರೆದಿದ್ದೆ. ಹ್ಯೂಬರ್ಡೋನ 115 ಮತ್ತು ಕಚಕ್‌ನ 104 ಪಾಯಿಂಟ್ ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೆ. ಕಚಕ್‌ಗೆ ಕೇವಲ 24 ವರ್ಷ, ಅವನ ಒಳ್ಳೆಯ ಎಂಟು ವರ್ಷಗಳನ್ನು ವರ್ಷಕ್ಕೆ 95 ಲಕ್ಷ ಡಾಲರ್‌ನಂತೆ ಜೀಟೊ ಕೊಂಡಿದ್ದಾರೆ ಎಂಬುದನ್ನು ತಕ್ಕಡಿಗೆ ಹಾಕಿರಲೇ ಇಲ್ಲ. ಆ ಮಾಹಿತಿ ಆ ದಿನವೇ ನನ್ನೆದುರು ಇತ್ತು. ಹಾಗಾಗಿ ಅದು ಭವಿಷ್ಯ ಕಾಣದ ತಪ್ಪಲ್ಲ, ಲೆಕ್ಕದ ತಪ್ಪು.

ಸಂಬಳ ಹೆಚ್ಚಾಯಿತೇ ಎಂದು ತಿಳಿಯುವುದು ಹೇಗೆ?

ಡಾಲರ್ ನೋಡಬೇಡಿ, ಮಿತಿಯ ಶೇಕಡಾವಾರು ನೋಡಿ. ಜೊತೆಗೆ ವಯಸ್ಸು ನೋಡಿ. 2017ರ ಆಗಸ್ಟ್‌ನಲ್ಲಿ ಇದೇ ಚಿಯರೆಲ್ಲಿ 21 ವರ್ಷದ ಲಿಯಾನ್ ಡ್ರೈಸೈಟಲ್‌ಗೆ ವರ್ಷಕ್ಕೆ 85 ಲಕ್ಷ ಡಾಲರ್‌ನಂತೆ ಎಂಟು ವರ್ಷ ಕೊಟ್ಟಾಗ, ಅತಿಯಾಯಿತು ಎಂದವರೇ ಬಹಳ. ಅಂದಿನ 7.5 ಕೋಟಿಯ ಮಿತಿಯಲ್ಲಿ ಅದು ಶೇ 11.3. ಒಪ್ಪಂದದ ಕೊನೆಯ ವರ್ಷ, 2024-25ರಲ್ಲಿ, ಮಿತಿ 8.8 ಕೋಟಿಗೆ ಏರಿದ್ದರಿಂದ ಅದು ಶೇ 9.7ಕ್ಕೆ ಇಳಿದಿತ್ತು. ಆಟಗಾರನೋ 2020ರಲ್ಲಿ ಹಾರ್ಟ್ ಟ್ರೋಫಿ ಗೆದ್ದು, ಲೀಗಿನ ಅಗ್ರ ಆಟಗಾರರಲ್ಲಿ ಒಬ್ಬನಾದ. 21ರಿಂದ 29ರವರೆಗಿನ ವರ್ಷಗಳನ್ನು ಕೊಳ್ಳುವುದೆಂದರೆ ಏರುವ ಮರದ ಫಲ ಕೊಂಡಂತೆ. 30ರಿಂದ 38ರವರೆಗಿನ ವರ್ಷಗಳನ್ನು ಕೊಳ್ಳುವುದು ಬೇರೆಯೇ ವ್ಯಾಪಾರ.

ಹಾಗಾದರೆ ದೀರ್ಘ ಒಪ್ಪಂದಗಳೆಲ್ಲ ಅಪಾಯವೇ?

ವಯಸ್ಸಾದವರಿಗೆ ಕೊಟ್ಟವು ಅಪಾಯ. 2012ರ ಜುಲೈ 4ರಂದು ಮಿನೆಸೊಟಾ ವೈಲ್ಡ್, ಜ್ಯಾಕ್ ಪರೀಸೆ ಮತ್ತು ರಯನ್ ಸೂಟರ್ ಇಬ್ಬರಿಗೂ ತಲಾ 13 ವರ್ಷ, 9.8 ಕೋಟಿ ಡಾಲರ್ ಬರೆದುಕೊಟ್ಟಿತು. ಇಬ್ಬರೂ ಇದ್ದ ಒಂಬತ್ತು ಋತುಗಳಲ್ಲಿ ತಂಡ ಗೆದ್ದ ಪ್ಲೇಆಫ್ ಸರಣಿಗಳು ಎರಡೇ. 2021ರಲ್ಲಿ ಜಿಎಂ ಬಿಲ್ ಗೆರಿನ್ ಇಬ್ಬರನ್ನೂ ಒಟ್ಟಿಗೆ ಬಿಡಿಸಿ ಕಳುಹಿಸಿದರು. ಅದರ ದಂಡವಾಗಿ 2023-24 ಮತ್ತು 2024-25ರಲ್ಲಿ ತಲಾ 1.47 ಕೋಟಿ ಡಾಲರ್ ಸತ್ತ ಹಣವಾಗಿ ಮಿತಿಯಲ್ಲಿ ಕುಳಿತಿತ್ತು. 2013ರಿಂದ ಸ್ವಂತ ಆಟಗಾರನಿಗೆ ಎಂಟು, ಹೊರಗಿನವನಿಗೆ ಏಳು ವರ್ಷದ ಗರಿಷ್ಠ ಅವಧಿ ನಿಗದಿಯಾಯಿತು. 2026ರ ಸೆಪ್ಟೆಂಬರ್‌ನಿಂದ ಜಾರಿಯಾಗುವ ಹೊಸ ಕರಾರಿನಲ್ಲಿ ಅದೂ ಏಳು ಮತ್ತು ಆರಕ್ಕೆ ಇಳಿಯುತ್ತದೆ.

ಕೆಟ್ಟ ಒಪ್ಪಂದವನ್ನು ಬೈಔಟ್ ಮಾಡಿದರೆ (ಬಾಕಿಯಲ್ಲಿ ಒಂದು ಪಾಲು ಕೊಟ್ಟು ಆಟಗಾರನನ್ನು ಬಿಡಿಸಿದರೆ) ತಪ್ಪು ಅಳಿಸಿಹೋಗುವುದಿಲ್ಲವೇ?

ಇದೊಂದು ಪ್ರಶ್ನೆಗೆ ನಾನು ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಎಡ್ಮಂಟನ್‌ನ ಒಂದು ಸಹಿಯ ಬಾಲವನ್ನು ಎಂಟು ವರ್ಷ ಹಿಂಬಾಲಿಸಿದ್ದೇನೆ.

ಹಾಲ್‌ನನ್ನು ಬಿಟ್ಟ ಎರಡು ದಿನಕ್ಕೆ, 2016ರ ಜುಲೈ 1ರಂದು, ಚಿಯರೆಲ್ಲಿ 28 ವರ್ಷದ ಮಿಲಾನ್ ಲೂಚಿಚ್‌ಗೆ ವರ್ಷಕ್ಕೆ 60 ಲಕ್ಷ ಡಾಲರ್‌ನಂತೆ ಏಳು ವರ್ಷ ಕೊಟ್ಟರು. ಹಾಲ್‌ನ ಸಂಬಳವೂ ಅಷ್ಟೇ ಇತ್ತು ಎಂಬುದನ್ನು ಗಮನಿಸಿ. ಮೈಕಟ್ಟಿನ ಬಲದಿಂದ ಆಡುವ ಆಟಗಾರನ ವೇಗ ಬೇಗ ಕುಗ್ಗಿತು. 2019ರಲ್ಲಿ ಹೊಸ ಜಿಎಂ ಕೆನ್ ಹಾಲೆಂಡ್ ಅವನನ್ನು ಕ್ಯಾಲ್ಗರಿಗೆ ಕಳುಹಿಸಿದರು. ಬದಲಿಗೆ ಸಿಕ್ಕಿದ್ದು ಜೇಮ್ಸ್ ನೀಲ್, ವರ್ಷಕ್ಕೆ 57.5 ಲಕ್ಷ ಡಾಲರ್. ಭಾರ ಇಳಿಯಲಿಲ್ಲ, ಹೆಗಲು ಬದಲಾಯಿತು. 2021ರಲ್ಲಿ ನೀಲ್‌ನನ್ನು ಬೈಔಟ್ ಮಾಡಿದರು. ನಿಯಮದಂತೆ ಬಾಕಿ ಸಂಬಳದ ಮೂರನೇ ಎರಡು ಭಾಗವನ್ನು, ಬಾಕಿ ವರ್ಷಗಳ ಎರಡು ಪಟ್ಟು ಅವಧಿಗೆ ಹಂಚಬೇಕು. ಎರಡು ವರ್ಷಕ್ಕೆ 1.15 ಕೋಟಿ ಬಾಕಿ ಇತ್ತು. ಅದರ ಮೂರನೇ ಎರಡು ಭಾಗವನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 19 ಲಕ್ಷ. ಅದರ ಕೊನೆಯ ಕಂತು ಬಿದ್ದದ್ದು 2024-25ರ ಲೆಕ್ಕಕ್ಕೆ.

ಈಗ 2024ರ ಆಗಸ್ಟ್‌ಗೆ ಬನ್ನಿ. ಆಯಿಲರ್ಸ್ ಆಗಷ್ಟೇ ಫೈನಲ್ ಸೋತು ಬಂದಿದ್ದರು. ಸೇಂಟ್ ಲೂಯಿಸ್ ತಂಡ ಅವರ ಇಬ್ಬರು ಯುವಕರ ಮುಂದೆ ಒಂದೇ ದಿನ ಪ್ರಸ್ತಾವ ಇಟ್ಟಿತು: ಫಿಲಿಪ್ ಬ್ರೋಬರ್ಗ್‌ಗೆ 45.8 ಲಕ್ಷ, ಡಿಲನ್ ಹಾಲೊವೆಗೆ 22.9 ಲಕ್ಷ. ಏಳು ದಿನದೊಳಗೆ ಸರಿಗಟ್ಟದಿದ್ದರೆ ಇಬ್ಬರೂ ಹೋಗುತ್ತಾರೆ. ಎಡ್ಮಂಟನ್ ಬಳಿ ಜಾಗವಿರಲಿಲ್ಲ. ಎರಡನೇ ಮತ್ತು ಮೂರನೇ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನು ಪರಿಹಾರವಾಗಿ ಪಡೆದು ಸುಮ್ಮನಾಯಿತು. ಹಾಲೊವೆ ಆ ಋತುವಿನಲ್ಲೇ 60ಕ್ಕೂ ಹೆಚ್ಚು ಪಾಯಿಂಟ್ ಗಳಿಸಿದ. ನೀಲ್‌ನ ಸತ್ತ ಹಣ 19 ಲಕ್ಷ, ಅದೇ ಬೇಸಿಗೆಯಲ್ಲಿ ಬೈಔಟ್ ಆದ ಗೋಲ್‌ಕೀಪರ್ ಜ್ಯಾಕ್ ಕ್ಯಾಂಪ್‌ಬೆಲ್‌ನದು 11 ಲಕ್ಷ. ಎರಡೂ ಕೂಡಿದರೆ 30 ಲಕ್ಷ. ಹಾಲೊವೆಗೆ ಬೇಕಿದ್ದದ್ದು 22.9 ಲಕ್ಷ. ಕಾರಣ ಇದೊಂದೇ ಎಂದು ನಾನು ಹೇಳುತ್ತಿಲ್ಲ. ಅದೇ ಜುಲೈನಲ್ಲಿ ಅನುಭವಿ ಆಟಗಾರರ ಮೇಲೆ ಸುರಿದ ಹಣವೂ ಇತ್ತು. ಆದರೂ 2016ರ ಸಹಿಯೊಂದು 2024ರಲ್ಲಿ ಇನ್ನೂ ಬಾಗಿಲು ಬಡಿಯುತ್ತಿತ್ತು ಎಂಬುದನ್ನು ಮರೆಯಲಾಗದು.

ಡ್ರಾಫ್ಟ್ ಹಕ್ಕು ಕೊಟ್ಟು ಸಿದ್ಧ ಆಟಗಾರನನ್ನು ತರುವುದು ತಪ್ಪೇ?

ತಂಡ ಕಪ್‌ನ ಹತ್ತಿರ ಇದ್ದಾಗ ತಪ್ಪಲ್ಲ. 2015ರ ಎಡ್ಮಂಟನ್ ಹತ್ತಿರ ಎಲ್ಲೂ ಇರಲಿಲ್ಲ. ಆ ಜೂನ್‌ನಲ್ಲಿ ಚಿಯರೆಲ್ಲಿ 16 ಮತ್ತು 33ನೇ ಆಯ್ಕೆಗಳನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು ಗ್ರಿಫಿನ್ ರೈನ್‌ಹಾರ್ಟ್ ಎಂಬ ಯುವ ರಕ್ಷಣಾ ಆಟಗಾರನನ್ನು ತಂದರು. ಅವನು ಆಯಿಲರ್ಸ್‌ಗೆ ಆಡಿದ್ದು 29 ಪಂದ್ಯ. ಆ 16ನೇ ಆಯ್ಕೆಯಲ್ಲಿ ಐಲ್ಯಾಂಡರ್ಸ್ ಹಿಡಿದದ್ದು ಮ್ಯಾಥ್ಯೂ ಬಾರ್ಜಲ್, 2018ರ ಶ್ರೇಷ್ಠ ಹೊಸಬ. ಬಾರ್ಜಲ್ ಹೀಗೆ ಬೆಳೆಯುತ್ತಾನೆ ಎಂದು ಯಾರಿಗೂ ಖಚಿತವಿರಲಿಲ್ಲ, ಅದನ್ನು ಚಿಯರೆಲ್ಲಿ ತಲೆಗೆ ಕಟ್ಟುವುದು ಅನ್ಯಾಯ. ಎನ್‌ಎಚ್‌ಎಲ್‌ನಲ್ಲಿ ಬರೀ ಎಂಟು ಪಂದ್ಯ ಆಡಿದ್ದವನಿಗೆ ಎರಡು ಒಳ್ಳೆಯ ಹಕ್ಕು ತೆತ್ತದ್ದಕ್ಕೆ ಮಾತ್ರ ಅವರೇ ಹೊಣೆ.

ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ನಮ್ಮಲ್ಲಿ 2024ರ ಜೂನ್ 25ರ ಬೆಳಗ್ಗೆ. ಮೂರು ಪಂದ್ಯ ಸೋತು, ಮೂರು ಗೆದ್ದು ಸಮಮಾಡಿದ್ದ ಎಡ್ಮಂಟನ್‌ಗೆ ಏಳನೆಯ ಪಂದ್ಯ. ಹೊರಗೆ ಹಾಲಿನವನ ಸೈಕಲ್ ಗಂಟೆ ಕೇಳುತ್ತಿದ್ದ ಹೊತ್ತಿಗೆ ಫ್ಲೋರಿಡಾ 2-1ರಿಂದ ಗೆದ್ದಿತು. ಗೆಲುವಿನ ಗೋಲು ಹೊಡೆದವನು ಸ್ಯಾಮ್ ರೈನ್‌ಹಾರ್ಟ್, ಗ್ರಿಫಿನ್‌ನ ತಮ್ಮ. ಜೀಟೊ ಅವನನ್ನು 2021ರಲ್ಲಿ ಬಫಲೊದಿಂದ ಒಬ್ಬ ಯುವ ಗೋಲ್‌ಕೀಪರ್ ಮತ್ತು ಒಂದು ಮೊದಲ ಸುತ್ತಿನ ಹಕ್ಕು ಕೊಟ್ಟು ತಂದಿದ್ದರು.

ಯಾರೂ ಊಹಿಸದ ಘಟನೆಗೆ ಜಿಎಂ ಹೊಣೆಯೇ?

ಘಟನೆಗಲ್ಲ, ಅದಕ್ಕೆ ಜಾಗ ಬಿಡದಿದ್ದಕ್ಕೆ. ಟೊರಾಂಟೊದ ಅಂದಿನ ಜಿಎಂ ಕೈಲ್ ಡುಬಾಸ್ 2018 ಮತ್ತು 2019ರಲ್ಲಿ ಟವಾರೆಸ್, ಮ್ಯಾಥ್ಯೂಸ್, ಮಾರ್ನರ್, ನೈಲಾಂಡರ್ ನಾಲ್ವರಿಗೆ ಕೊಟ್ಟದ್ದು ಕೂಡಿದರೆ ವರ್ಷಕ್ಕೆ ಸುಮಾರು 4.05 ಕೋಟಿ ಡಾಲರ್. ಮಿತಿ ಏರುತ್ತಾ ಹೋಗುತ್ತದೆ ಎಂಬುದು ಎಲ್ಲರ ಲೆಕ್ಕವಾಗಿತ್ತು. ಕೋವಿಡ್ ಬಂದು ಮಿತಿ ಮೂರು ಋತು 8.15 ಕೋಟಿಯಲ್ಲೇ ನಿಂತಿತು. ಅರ್ಧ ಹಣ ನಾಲ್ವರ ಬಳಿ ಇತ್ತು. ನಾನು ಅವರಿಗೆ ಅರ್ಧ ಕ್ಷಮೆ ಕೊಡುತ್ತೇನೆ.

ಎಲ್ಲ ತೀರ್ಮಾನ ಜಿಎಂನದೇ ಎಂದು ಹೇಗೆ ನಂಬುವುದು?

ನಂಬಬೇಡಿ. 1988ರ ಆಗಸ್ಟ್ 9ರಂದು ವೇಯ್ನ್ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಎಡ್ಮಂಟನ್‌ನ ಜಿಎಂ ಗ್ಲೆನ್ ಸೇದರ್. ಆದರೆ ಮಾರಿದ್ದು ಮಾಲೀಕ ಪೀಟರ್ ಪಾಕ್ಲಿಂಗ್ಟನ್. ಆಟಗಾರರು, ಹಕ್ಕುಗಳ ಜೊತೆಗೆ ಒಂದೂವರೆ ಕೋಟಿ ಡಾಲರ್ ನಗದು ಅವರ ಕೈಗೆ ಬಂತು. ಟ್ರೇಡ್‌ನಲ್ಲಿ ಮಾಲೀಕನ ಜೇಬಿನ ಅಗತ್ಯ ಕಂಡರೆ ಜಿಎಂ ಮೇಲಿನ ಕೋಪವನ್ನು ಅಷ್ಟರಮಟ್ಟಿಗೆ ತಗ್ಗಿಸಿಕೊಳ್ಳಿ.

ಆಟಗಾರರೂ ಮನುಷ್ಯರಲ್ಲವೇ? ಅದನ್ನು ಯಾರು ತೂಗುತ್ತಾರೆ?

ಹಾಲ್ ಹೋದ ದಿನವೇ ಮಾಂಟ್ರಿಯಲ್ ಪಿ.ಕೆ. ಸುಬ್ಬಾನ್‌ನನ್ನು ನ್ಯಾಶ್‌ವಿಲ್‌ಗೆ ಕಳುಹಿಸಿ ಶೇ ವೆಬರ್‌ನನ್ನು ತಂದಿತು. ಒಪ್ಪಿಗೆಯಿಲ್ಲದೆ ತನ್ನನ್ನು ಕಳುಹಿಸುವಂತಿಲ್ಲ ಎಂಬ ರಕ್ಷಣೆ ಸುಬ್ಬಾನ್‌ಗೆ ಸಿಗಲು ಎರಡೇ ದಿನ ಬಾಕಿ ಇತ್ತು. ನಿಯಮ ಮುರಿಯಲಿಲ್ಲ, ನಿಜ. ಊರನ್ನು ತನ್ನದೆಂದುಕೊಂಡಿದ್ದ ಆಟಗಾರನೊಬ್ಬನನ್ನು ಹೀಗೆ ಗಡಿಯಾರ ನೋಡಿ ಸಾಗಹಾಕಿದ್ದು ನನಗೆ ಇಂದಿಗೂ ಸಮ್ಮತವಲ್ಲ. ಮುಂದಿನ ಆಟಗಾರ ಸಹಿ ಹಾಕುವಾಗ ಇಂಥದ್ದನ್ನು ನೆನಪಿಟ್ಟುಕೊಂಡಿರುತ್ತಾನೆ. ಅದೂ ಜಿಎಂನ ಖಾತೆಗೇ ಸೇರುವ ಖರ್ಚು.

ಕೊನೆಗೆ, ಚಿಯರೆಲ್ಲಿ ಕೆಟ್ಟ ಜಿಎಂ ಎನ್ನುತ್ತೀರಾ?

2011ರಲ್ಲಿ ಬಾಸ್ಟನ್‌ಗೆ ಕಪ್ ತಂದವರು ಅವರು. ಡ್ರೈಸೈಟಲ್ ಒಪ್ಪಂದಕ್ಕೆ ಬೈಸಿಕೊಂಡರೂ ಬಗ್ಗಲಿಲ್ಲ. ಸ್ವಂತ ಯುವಕರಿಗೆ ಬೆಲೆ ಕಟ್ಟುವುದರಲ್ಲಿ ಎಡ್ಮಂಟನ್‌ನಲ್ಲೂ ಅವರು ಒಳ್ಳೆಯವರೇ. ಟ್ರೇಡ್‌ನಲ್ಲಿ ಮಾತ್ರ ಒಂದೇ ತಪ್ಪು ಮರುಕಳಿಸಿತು: ಕೊರತೆ ಕಂಡ ಕೂಡಲೇ ಅವಸರದಲ್ಲಿ ಕೊಳ್ಳುವುದು, ತಮ್ಮ ಆಟಗಾರನ ಬೆಲೆ ತಗ್ಗಿದಾಗಲೇ ಮಾರುವುದು. 2017ರ ಪ್ಲೇಆಫ್‌ನ 13 ಪಂದ್ಯಗಳಲ್ಲಿ ಗೋಲು ಹೊಡೆಯದ ಜೋರ್ಡನ್ ಎಬರ್ಲೆಯನ್ನು ಬೇಸಿಗೆಯಲ್ಲೇ ರಯನ್ ಸ್ಟ್ರೋಮ್‌ಗಾಗಿ ಕೊಟ್ಟರು. ಮರುವರ್ಷ ಸ್ಟ್ರೋಮ್‌ನನ್ನು ರಯನ್ ಸ್ಪೂನರ್‌ಗಾಗಿ ಕೊಟ್ಟರು. ಪ್ರತಿ ಮೆಟ್ಟಿಲೂ ಕೆಳಗೇ ಇಳಿಯಿತು. ಒಂದು ಟ್ರೇಡ್ ದುರದೃಷ್ಟ ಇರಬಹುದು. ಒಂದೇ ಬಗೆಯ ನಾಲ್ಕು ಟ್ರೇಡ್‌ಗಳು ಸ್ವಭಾವ. 2019ರ ಜನವರಿಯಲ್ಲಿ ಅವರನ್ನು ತೆಗೆದದ್ದು ಸರಿಯೇ ಆಗಿತ್ತು.

ನೋಟ್‌ಬುಕ್‌ನಲ್ಲಿ ಈಗ ಯಾವ ಪುಟ ತೆರೆದಿದೆ?

2024ರ ಸೆಪ್ಟೆಂಬರ್ 3. ಅದೇ ಡ್ರೈಸೈಟಲ್‌ಗೆ ಹೊಸ ಜಿಎಂ ಸ್ಟ್ಯಾನ್ ಬೋಮನ್ ಕೊಟ್ಟ ಎಂಟು ವರ್ಷ, ವರ್ಷಕ್ಕೆ 1.4 ಕೋಟಿ ಡಾಲರ್. ಮೊದಲ ವರ್ಷದ ಮಿತಿಯಲ್ಲಿ ಅದು ಶೇ 14.7. ಒಪ್ಪಂದ ಮುಗಿಯುವ 2033ರಲ್ಲಿ ಅವನಿಗೆ 37 ವರ್ಷ. ನಾನು ಬರೆದದ್ದು ಇಷ್ಟು: 'ಮೊದಲ ಐದು ವರ್ಷ ಹಣಕ್ಕೆ ತಕ್ಕ ಆಟ ಸಿಗುತ್ತದೆ. ಕೊನೆಯ ಮೂರು ನೋವು ಕೊಡುತ್ತವೆ. ಗೊತ್ತಿದ್ದೂ ನಾನಾಗಿದ್ದರೆ ಸಹಿ ಹಾಕುತ್ತಿದ್ದೆ, ಏಕೆಂದರೆ ಆ ಐದು ವರ್ಷಗಳಲ್ಲಿ ಕಪ್‌ಗಾಗಿ ಹೋರಾಡಲು ಇವನ ಬದಲಿಗೆ ಇನ್ನೊಬ್ಬ ಸಿಗುವುದಿಲ್ಲ.' ಪುಟದ ಕೆಳಗೆ 2030 ಎಂದು ಬರೆದು ಉಳಿದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.